ಹಗ್ಗವೇ ಇಲ್ಲದ ಮೇಲೆ ಜೊತೆಗೆ ಗೆಳತಿ ಯಾಕೆ?

ಬೆಟ್ಟದ ಮೇಲಿನ ಸರೋವರದ ಫೋಟೋ ನೋಡಿದವರು ಮೊದಲು ಕೇಳುವುದು ದಾರಿ ಯಾವುದು ಅಂತ. ದಾರಿ ಹೇಳಿದ ಮೇಲೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. "ಕೈ ಊರಿ ಹತ್ತುವಷ್ಟು ಕಡಿದಾದ ಬಂಡೆ ಅಂತೀರಿ, ಹಗ್ಗ ಇಲ್ಲ ಅಂತೀರಿ. ನೀವು ಜಾರಿದರೆ ನಿಮ್ಮ ಗೆಳತಿ ಹಿಡಿಯೋಕಾಗುತ್ತಾ? ಆಗಲ್ಲ ಅಂದ ಮೇಲೆ ಅವರು ಜೊತೆಗಿದ್ದು ಏನು ಪ್ರಯೋಜನ?"

ಹಿಡಿಯೋಕಾಗಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೀಳುತ್ತಿರುವವರಿಗೆ ಕೈ ಚಾಚಲು ಹೋದರೆ ಇಬ್ಬರೂ ಬೀಳುವ ಸಾಧ್ಯತೆಯೇ ಜಾಸ್ತಿ. ನಾನು ಬೀಳುವಂಥ ಜಾಗಕ್ಕೆ ಕಾಲಿಡದ ಹಾಗೆ ನೋಡಿಕೊಳ್ಳುವುದು ಅವಳ ಕೆಲಸ. ಅವಳ ವಿಷಯದಲ್ಲಿ ನನ್ನ ಕೆಲಸವೂ ಅದೇ.

ಇದು ಅರ್ಥವಾಗಬೇಕಾದರೆ ಆ ಬಂಡೆ ಅಲ್ಲಿ ಯಾಕಿದೆ ಅಂತ ತಿಳಿದಿರಬೇಕು. ಎತ್ತರದ ಎಷ್ಟೋ ಸರೋವರಗಳನ್ನು ಕೊರೆದದ್ದು ಹಿಮನದಿಗಳು. ಬೆಟ್ಟದ ಮಗ್ಗುಲಿನ ತಗ್ಗಿನಲ್ಲಿ ಹಿಮ ಬೀಳುತ್ತದೆ, ಬೇಸಿಗೆಯಲ್ಲೂ ಪೂರ್ತಿ ಕರಗದೆ ಪದರದ ಮೇಲೆ ಪದರ ಸೇರಿ ಗಡ್ಡೆಯಾಗುತ್ತದೆ. ಆ ಗಡ್ಡೆ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಜರುಗುತ್ತಾ ತಳದ ಬಂಡೆಯನ್ನು ಕಿತ್ತು, ಉಜ್ಜಿ, ಬೋಗುಣಿಯ ಹಾಗೆ ತೋಡುತ್ತದೆ. ಹೊರ ಅಂಚಿನಲ್ಲಿ ಗಡ್ಡೆ ತೆಳ್ಳಗಾಗುವುದರಿಂದ ಅಲ್ಲಿ ಅಷ್ಟು ಸವೆಯುವುದಿಲ್ಲ. ಬಂಡೆಯದೊಂದು ಅಂಚುಗಟ್ಟೆ ಉಳಿದುಕೊಳ್ಳುತ್ತದೆ. ಕಳೆದ ಹಿಮಯುಗ ಸುಮಾರು 11,700 ವರ್ಷಗಳ ಹಿಂದೆ ಮುಗಿಯಿತು. ಗಡ್ಡೆ ಕರಗಿ ಹೋದ ಮೇಲೆ ತಗ್ಗಿನಲ್ಲಿ ನೀರು ನಿಂತಿತು. ಕೆಲವು ಕಡೆ ಹಿಮನದಿ ತಂದು ಸುರಿದ ಕಲ್ಲುಮಣ್ಣಿನ ದಿಬ್ಬವೂ ನೀರನ್ನು ತಡೆಯುತ್ತದೆ. ಎಷ್ಟೋ ಸಲ ನಾವು ಏದುಸಿರು ಬಿಡುತ್ತಾ ಹತ್ತುವುದು ಆ ಸರೋವರವನ್ನು ಹಿಡಿದು ನಿಲ್ಲಿಸಿದ ಗೋಡೆಯನ್ನೇ!

ಇದರಿಂದ ಎರಡು ತೊಂದರೆ. ಹಿಮನದಿ ಉಜ್ಜಿದ ಬಂಡೆ ನುಣುಪಾಗಿರುತ್ತದೆ. ಜೊತೆಗೆ ಸರೋವರದಿಂದ ಉಕ್ಕಿದ ನೀರು ಅದರ ಮೇಲೇ ಹರಿದು ಬರುತ್ತದೆ, ಪಾಚಿ ಕಟ್ಟುತ್ತದೆ. ನೀರಿನ ಜಾಡು ಹಿಡಿದು ಹೋದರೆ ಸರೋವರ ಸಿಗುತ್ತದೆ, ನಿಜ. ಆದರೆ ಜಾರುವುದೂ ಆ ಜಾಡಿನಲ್ಲೇ. ಅದಕ್ಕೇ ನಾವು ಬುಡದಲ್ಲಿ ನಿಂತು, ತೊರೆಯಿಂದ ದೂರ, ಒಣಗಿದ ಸಾಲು ಎಲ್ಲಿದೆ ಅಂತ ಮೊದಲು ಹುಡುಕುತ್ತೇವೆ. ಇಬ್ಬರೂ ಬೇರೆ ಬೇರೆಯಾಗಿ ನೋಡುತ್ತೇವೆ, ಆಮೇಲೆ ಹೋಲಿಸುತ್ತೇವೆ. ಅವಳಿಗೆ ಕಂಡದ್ದು ನನಗೆ ಕಂಡಿರುವುದಿಲ್ಲ.

ಎಷ್ಟು ಕಷ್ಟದ ಬಂಡೆಗೆ ಹೋಗುತ್ತೇವೆ ಅನ್ನುವುದಕ್ಕೂ ಮಿತಿ ಇದೆ. ದಾರಿ ಎಷ್ಟು ಕಷ್ಟ ಅಂತ 1ರಿಂದ 5ರವರೆಗೆ ಅಂಕೆ ಕೊಡುವ ಅಮೆರಿಕದ ಯೊಸೆಮಿಟಿ ಪದ್ಧತಿಯಲ್ಲಿ ಬರೀ ನಡಿಗೆಗೆ 1, ಹಗ್ಗ ಕಟ್ಟಿ ಹತ್ತುವುದಕ್ಕೆ 5. ಕೈ ಬಳಸಲೇಬೇಕಾದದ್ದು 3. ಬಿದ್ದರೆ ಜೀವಕ್ಕೇ ಅಪಾಯ ಅನ್ನುವಂಥದ್ದು 4. ನಾವು 3ಕ್ಕೆ ನಿಲ್ಲುತ್ತೇವೆ. ಮಳೆ ಬಿದ್ದಿದ್ದರೆ ಈ ಲೆಕ್ಕವನ್ನು ನಂಬುವುದಿಲ್ಲ. ಒದ್ದೆಯಾದ 3 ಬೇರೆಯೇ ಬಂಡೆ.

ಹತ್ತುವಾಗ ಎರಡು ಕೈ, ಎರಡು ಕಾಲಿನಲ್ಲಿ ಮೂರು ಯಾವಾಗಲೂ ಬಂಡೆಯ ಮೇಲೇ ಇರಬೇಕು. ಒಂದು ಮಾತ್ರ ಜರುಗಬೇಕು. ಮೈ ಎತ್ತುವುದು ಕಾಲು, ಕೈ ಬರೀ ಆಸರೆಗೆ. ಹಿಡಿಯುವ ಕಲ್ಲನ್ನು ಮೊದಲು ಅಂಗೈಯಿಂದ ತಟ್ಟಿ ನೋಡುತ್ತೇವೆ. ಟೊಳ್ಳು ಸದ್ದು ಬಂದರೆ ಅದನ್ನು ಮುಟ್ಟುವುದಿಲ್ಲ, ಹಿಂದೆ ಬರುವವಳಿಗೂ ಕೂಗಿ ಹೇಳುತ್ತೇವೆ. ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರುವುದೇ ಇಲ್ಲ. ಮೇಲಿನವಳ ಕಾಲಿಗೆ ಸಿಕ್ಕಿ ಉರುಳುವ ಕಲ್ಲು ಕೆಳಗಿನವಳ ತಲೆಗೇ ಬರುತ್ತದೆ ಅಲ್ವಾ? ಇಕ್ಕಟ್ಟಿನ ಸಂದಿ ಬಂದರೆ ಒಬ್ಬರು ಪಕ್ಕಕ್ಕೆ ಸರಿದು ಕಾಯುತ್ತೇವೆ. ಹೆಲ್ಮೆಟ್ ಇದ್ದರೂ ಕಾಯುತ್ತೇವೆ.

ಗೆಳತಿಯ ಬೆಲೆ ನಿಜಕ್ಕೂ ಗೊತ್ತಾಗುವುದು ಇಳಿಯುವಾಗ. ಕಡಿದಾದ ಜಾಗದಲ್ಲಿ ಬಂಡೆಗೆ ಮುಖ ಮಾಡಿ ಇಳಿಯಬೇಕು. ಆಗ ನಮ್ಮ ಕಾಲೇ ನಮಗೆ ಕಾಣುವುದಿಲ್ಲ. ಕಣ್ಣೆದುರು ಬರೀ ಕಲ್ಲು, ಬೆರಳ ತುದಿ, ಬಿರುಕಿನಲ್ಲಿ ಅಂಟಿದ ಒಂದಿಷ್ಟು ಹುಲ್ಲು. ಮೊದಲು ಇಳಿದವಳು ಪಕ್ಕಕ್ಕೆ ನಿಂತು ದಾರಿ ಹೇಳುತ್ತಾಳೆ. "ಎಡಗಾಲು ಬಿಡು. ಇನ್ನೂ ಕೆಳಗೆ. ಇನ್ನೊಂಚೂರು. ಬಲಕ್ಕೆ, ನಾಲ್ಕು ಬೆರಳಷ್ಟು. ಹ್ಞಾಂ, ಅಲ್ಲೇ ಊರು." ಕಾಲು ಗಾಳಿಯಲ್ಲಿ ತಡಕಾಡುತ್ತಿರುವಾಗ ತೋಳು ನಡುಗಲು ಶುರುವಾಗಿರುತ್ತದೆ. ಅವಳ ದನಿ ಮಾತ್ರ ಅವಸರಪಡುವುದಿಲ್ಲ. ಬೂಟಿನ ತುದಿ ಆ ಮೆಟ್ಟಿಗೆ ತಾಗಿದಾಗ ಎದೆಯಿಂದ ಹೊರಡುವ ಉಸಿರು ಇದೆಯಲ್ಲ, ಅದನ್ನು ಹಗ್ಗದ ಲೆಕ್ಕದಲ್ಲಿ ಅಳೆಯೋಕಾಗಲ್ಲ. ಒಬ್ಬಳೇ ಆಗಿದ್ದರೆ ಆ ಮೆಟ್ಟು ಅಲ್ಲಿದೆ ಅಂತಲೇ ನನಗೆ ಗೊತ್ತಾಗುತ್ತಿರಲಿಲ್ಲ.

ಸರೋವರದ ದಂಡೆಯಲ್ಲೂ ಅವಳು ಬೇಕು. ಬೆವರಿ ಹತ್ತಿದವರಿಗೆ ಆ ತಿಳಿನೀರು ಕಂಡರೆ ಧುಮುಕೋಣ ಅನ್ನಿಸುತ್ತದೆ. ಮೇಲೆ ಹೋದಂತೆ ಪ್ರತಿ 1,000 ಮೀಟರಿಗೆ ಗಾಳಿ ಸರಾಸರಿ 6.5 ಡಿಗ್ರಿ ತಣ್ಣಗಾಗುತ್ತದೆ. ನೀರಿಗೆ ಹಿಮ ಕರಗಿ ಸೇರುತ್ತಿದ್ದರಂತೂ ಕೇಳುವುದೇ ಬೇಡ. ಅಂಥ ನೀರಿಗೆ ಒಮ್ಮೆಲೇ ಬಿದ್ದರೆ ಮೊದಲ ಒಂದೆರಡು ನಿಮಿಷ ಉಸಿರು ನಮ್ಮ ಹಿಡಿತಕ್ಕೆ ಸಿಗುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಕೈಕಾಲು ಸೋಲುತ್ತವೆ. ಅದಕ್ಕೇ ಒಬ್ಬರು ನೀರಿಗೆ ಇಳಿದರೆ ಇನ್ನೊಬ್ಬರು ದಂಡೆಯಲ್ಲೇ ಇರುತ್ತೇವೆ. ಸೊಂಟದ ಆಳ ದಾಟುವುದಿಲ್ಲ. ಜಾಸ್ತಿ ಹೊತ್ತು ಕೂರುವುದೂ ಇಲ್ಲ. ಬೆಟ್ಟದಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಸಿಡಿಲು ಬರುವುದು ಸಾಮಾನ್ಯ. ಇಳಿಯುವ ಬಂಡೆ ಒಣಗಿರುವಾಗಲೇ ಇಳಿಯಬೇಕು.

ಹಾಗಾದರೆ ಎಂಥವರನ್ನು ಕರೆದುಕೊಂಡು ಹೋಗಬೇಕು? ನನಗಂತೂ ಚೆನ್ನಾಗಿ ಹತ್ತುವವರಿಗಿಂತ "ನನಗೆ ಇಲ್ಲಿ ಸರಿ ಅನ್ನಿಸ್ತಿಲ್ಲ" ಅಂತ ಹೇಳೋಕೆ ಹಿಂಜರಿಯದವರು ಬೇಕು. ನಮ್ಮಿಬ್ಬರ ನಡುವೆ ಒಂದು ಮಾತಿದೆ. ಯಾರು "ತಿರುಗೋಣ" ಅಂದರೂ ಆ ಕ್ಷಣವೇ ತಿರುಗಬೇಕು. ಕಾರಣ ಕೇಳುವುದು ಕೆಳಗಿಳಿದ ಮೇಲೆ. ಒಮ್ಮೆ ಅಂಚುಗಟ್ಟೆಗೆ ಸ್ವಲ್ಪವೇ ಕೆಳಗೆ, ಮೇಲಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತಿರುವಾಗ, ಅವಳು ನಿಂತುಬಿಟ್ಟಳು. "ಹತ್ತಬಹುದು ಕಣೇ. ಇದೇ ದಾರೀಲಿ ಇಳಿಯೋಕಾಗಲ್ಲ" ಅಂದಳು. ತಿರುಗಿದೆವು. ಆ ಸರೋವರವನ್ನು ನಾವಿಬ್ಬರೂ ಇನ್ನೂ ನೋಡಿಲ್ಲ. ನಕ್ಷೆಯಲ್ಲಿ ಅದರ ಇನ್ನೊಂದು ಬದಿಗೆ ಎತ್ತರದ ಗೆರೆಗಳು ಸ್ವಲ್ಪ ದೂರ ದೂರ ಇವೆ. ಇಳಿಜಾರು ಅಷ್ಟು ಕಡಿದಾಗಿಲ್ಲ ಅಂತ ಅರ್ಥ. ಮಳೆ ಮುಗಿದು ಬಂಡೆ ಒಣಗಿದ ಮೇಲೆ ಆ ಕಡೆಯಿಂದ ಹೋಗೋಣ ಅಂತ ಮಾತಾಡಿಕೊಂಡಿದ್ದೇವೆ.