ಅವ್ವನ ಹಿತ್ತಲ ಕೋಳಿ, ಇಲ್ಲಿಯ ಅಜ್ಜಿಯ ಐದು ಕೋಳಿ

2022ರ ನವೆಂಬರ್ 7ರಿಂದ ಇಂಗ್ಲೆಂಡಿನಲ್ಲಿ ಯಾರ ಮನೆಯ ಕೋಳಿಯೂ ಬಯಲಲ್ಲಿ ತಿರುಗುವ ಹಾಗಿರಲಿಲ್ಲ. ಸಾವಿರಗಟ್ಟಲೆ ಕೋಳಿಯ ಫಾರಂ ಇರಲಿ, ಹಿತ್ತಲಲ್ಲಿ ಎರಡೇ ಕೋಳಿ ಇರಲಿ, ಎಲ್ಲರಿಗೂ ಒಂದೇ ಕಾನೂನು. ಹಕ್ಕಿಜ್ವರ ಹಬ್ಬುತ್ತಿದೆ ಎಂದು ಸರ್ಕಾರ ಹಾಗೆ ಆದೇಶ ಮಾಡಿತ್ತು. ಅದನ್ನು ತೆಗೆದದ್ದು ಮುಂದಿನ ವರ್ಷದ ಏಪ್ರಿಲ್ 18ಕ್ಕೆ. ಐದು ತಿಂಗಳಿಗೂ ಜಾಸ್ತಿ! ಫೋನಿನಲ್ಲಿ ಹೇಳಿದಾಗ ಅವ್ವ ನಂಬಲೇ ಇಲ್ಲ. "ಕೂಡಿ ಹಾಕಿದ್ರೆ ಅದು ಕೋಳಿ ಹೆಂಗಾಗ್ತದೆ? ತಿಪ್ಪೆ ಕೆದರದಿದ್ರೆ ಅದಕ್ಕೆ ಹೊಟ್ಟೆ ತುಂಬ್ತದಾ?" ಅಂದಳು.

ನಮ್ಮೂರು ಹರಿಹರ ತಾಲ್ಲೂಕಿನಲ್ಲಿ, ಭದ್ರಾ ನಾಲೆ ನೀರಿನ ಭತ್ತದ ಸೀಮೆ. ಅವ್ವನ ಹತ್ತಿರ ಯಾವಾಗಲೂ ಹತ್ತು-ಹನ್ನೆರಡು ಜವಾರಿ ಕೋಳಿ ಇರುತ್ತವೆ. ಬೆಳಗ್ಗೆ ಗೂಡಿನ ಬಾಗಿಲು ತೆಗೆದರೆ ಸಂಜೆವರೆಗೆ ಅವು ಎಲ್ಲಿ ಹೋಗುತ್ತವೆ, ಏನು ತಿನ್ನುತ್ತವೆ, ಯಾರೂ ನೋಡುವುದಿಲ್ಲ. ಮೊಟ್ಟೆ ಮಾರಿದ ದುಡ್ಡು ಅವ್ವನದು, ಅದಕ್ಕೆ ಅಪ್ಪನೂ ಕೈ ಹಾಕುವ ಹಾಗಿಲ್ಲ. ನನ್ನ ಹೈಸ್ಕೂಲಿನ ಬಸ್ ಪಾಸು, ಜಾಮಿಟ್ರಿ ಬಾಕ್ಸು ಎಲ್ಲ ಆ ದುಡ್ಡಿನಲ್ಲೇ ಬಂದದ್ದು. ಹಾಗಾಗಿ ಕೋಳಿ ವಿಷಯ ನನಗೆ ಸಣ್ಣದಲ್ಲ.

ಈಗ ನಾನಿರುವುದು ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ನ್ಯೂಕ್ಯಾಸಲ್‌ನಿಂದ ಸ್ವಲ್ಪ ಉತ್ತರಕ್ಕೆ. ಪಕ್ಕದ ಮನೆಯ ಅಜ್ಜಿಗೆ ಐದು ಕೋಳಿ. ಅವರು ಊರಿಗೆ ಹೋಗಿದ್ದಾಗ ಕೋಳಿ ನೋಡಿಕೊಳ್ಳಲು ನನಗೆ ಹೇಳಿಹೋಗುತ್ತಿದ್ದರು. ಆ ಚಳಿಗಾಲಕ್ಕೆ ಮುಂಚೆ ನಾನು ಮನೆಯಲ್ಲಿ ಉಳಿದ ಅನ್ನವನ್ನು ಒಂದು ತಟ್ಟೆಯಲ್ಲಿ ಕೊಂಡೊಯ್ದು ಹಾಕಲು ಹೋದೆ. ಅಜ್ಜಿ ಓಡಿ ಬಂದು ತಡೆದರು. ಮಾಂಸ, ಹಾಲು, ಮೊಟ್ಟೆ ಬಳಸುವ ಅಡುಗೆಮನೆಯಿಂದ ಬಂದ ಏನನ್ನೂ ಇಲ್ಲಿ ಕೋಳಿಗೆ ಹಾಕುವ ಹಾಗಿಲ್ಲ. ಅದು ಕಾನೂನೇ. ಮುದ್ದೆ, ರೊಟ್ಟಿ ಚೂರು ತಿಂದೇ ಬೆಳೆದ ಕೋಳಿಗಳನ್ನು ನೋಡಿದ ನನಗೆ ಅದು ಬಹಳ ಅತಿ ಅನ್ನಿಸಿತ್ತು.

ಆಮೇಲೆ ಆ ಆದೇಶ ಬಂತು. ಅಜ್ಜಿ ಏನು ಮಾಡಿದರು ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಾನು ಕಲಿತದ್ದೆಲ್ಲ ಅಲ್ಲೇ.

ಗೂಡಿನ ಮುಂದಿನ ಜಾಗಕ್ಕೆ ಸುತ್ತ ಸಣ್ಣ ಕಣ್ಣಿನ ಜಾಲರಿ ಹೊಡೆಸಿದರು. ಗುಬ್ಬಿ ಕೂಡ ನುಗ್ಗಬಾರದು, ಅಷ್ಟು ಸಣ್ಣ ಕಣ್ಣು. ಮೇಲೆ ಮಾತ್ರ ಜಾಲರಿ ಹಾಕಲಿಲ್ಲ, ತಗಡಿನಂಥ ಪ್ಲಾಸ್ಟಿಕ್ ಶೀಟು ಹಾಕಿಸಿದರು. ಯಾಕೆ ಎಂದು ಕೇಳಿದೆ. "ಜಾಲರಿ ಹಕ್ಕಿಯನ್ನು ತಡೆಯುತ್ತದೆ, ಅದರ ಹಿಕ್ಕೆಯನ್ನು ತಡೆಯುವುದಿಲ್ಲವಲ್ಲ" ಅಂದರು. ಈ ರೋಗದ ಗುಟ್ಟೆಲ್ಲ ಅಲ್ಲಿಯೇ ಇದೆ. ಕಾಡುಬಾತು, ಹೆಬ್ಬಾತು, ಕಡಲಹಕ್ಕಿಗಳ ಹಿಕ್ಕೆಯಲ್ಲಿ, ಮೂಗು ಬಾಯಿಯ ನೀರಿನಲ್ಲಿ ವೈರಸ್ ಇರುತ್ತದೆ. ಎಷ್ಟೋ ಬಾತುಗಳು ತಾವು ಆರಾಮಾಗಿದ್ದುಕೊಂಡೇ ಅದನ್ನು ಹೊತ್ತು ತಿರುಗುತ್ತವೆ. ಅದು ಬಿದ್ದ ನೀರನ್ನು ಕೋಳಿ ಕುಡಿದರೆ ಮುಗಿಯಿತು. ಚಳಿ, ತೇವ ಇದ್ದಲ್ಲಿ ವೈರಸ್ ವಾರಗಟ್ಟಲೆ ಉಳಿಯುತ್ತದೆ. ಬಿಸಿಲು, ಸೋಪು, ಬ್ಲೀಚಿಂಗ್ ಪೌಡರ್ ಕಂಡರೆ ಸಾಯುತ್ತದೆ.

ಬಾಗಿಲ ಹತ್ತಿರ ಎರಡು ಜೊತೆ ರಬ್ಬರ್ ಬೂಟು. ಹಸಿರು ಬಣ್ಣದ್ದು ಹೊರಗೆ ಓಡಾಡಲು. ಕಪ್ಪುದು ಗೂಡಿನ ಒಳಗೆ ಮಾತ್ರ, ಅದು ಆ ಬಾಗಿಲು ದಾಟಿ ಹೊರಗೆ ಬರುವುದಿಲ್ಲ. ನಡುವೆ ಒಂದು ಮುಚ್ಚಳ ಇರುವ ಟಬ್ಬಿನಲ್ಲಿ ಔಷಧಿ ನೀರು. ಮೊದಲ ದಿನ ನಾನು ಕೆಸರುಗಾಲಲ್ಲೇ ಅದರೊಳಗೆ ಕಾಲಿಟ್ಟೆ. ಅಜ್ಜಿ ನನ್ನನ್ನು ಹೊರಗೆ ಕರೆದು, ಬ್ರಷ್ ಕೊಟ್ಟು, ಬೂಟಿನ ಅಡಿಯ ಗೆರೆಗಳಲ್ಲಿ ಸಿಕ್ಕಿದ ಮಣ್ಣನ್ನೆಲ್ಲ ಉಜ್ಜಿಸಿದರು. ಮಣ್ಣು, ಹಿಕ್ಕೆ ಮೆತ್ತಿಕೊಂಡಿದ್ದರೆ ಔಷಧಿ ಕೆಲಸ ಮಾಡುವುದಿಲ್ಲ. ಮೊದಲು ತೊಳೆಯಬೇಕು, ಆಮೇಲೆ ಅದ್ದಬೇಕು. ಮಳೆ ನೀರು ಬಿದ್ದರೆ ಔಷಧಿ ತೆಳ್ಳಗಾಗುತ್ತದೆ, ಅದಕ್ಕೇ ಮುಚ್ಚಳ. ಎಪ್ಪತ್ತು ದಾಟಿದವರು, ಕೊರೆಯುವ ಚಳಿಯಲ್ಲಿ, ದಿನಕ್ಕೆ ಎರಡು ಸಲ ಬಗ್ಗಿ ಬೂಟು ಉಜ್ಜುತ್ತಿದ್ದರು. ಒಂದು ದಿನವೂ ತಪ್ಪಿಸಿದ್ದು ನಾನು ಕಾಣೆ.

ಒಳಗೆ ಕೂಡಿ ಹಾಕಿದ ಕೋಳಿ ಬೇಸರಕ್ಕೆ ಒಂದನ್ನೊಂದು ಕುಕ್ಕುತ್ತವೆ. ಅದಕ್ಕೆ ಒಂದು ಎಲೆಕೋಸನ್ನು ದಾರ ಕಟ್ಟಿ ಕೋಳಿಯ ತಲೆಗಿಂತ ಸ್ವಲ್ಪ ಮೇಲೆ ನೇತು ಹಾಕಿದ್ದರು. ಹಾರಿ ಹಾರಿ ಕುಕ್ಕುತ್ತ ಅವಕ್ಕೆ ಹೊತ್ತು ಹೋಗುತ್ತಿತ್ತು. ಅವ್ವನ ಪ್ರಶ್ನೆಗೆ ಉತ್ತರ ಅದು.

ಅಜ್ಜಿಯ ಹೆದರಿಕೆಗೆ ಕಾರಣ ಇತ್ತು. ಅದೇ ವರ್ಷ ನಮ್ಮ ಕರಾವಳಿಯ ಎದುರಿಗಿರುವ ಫಾರ್ನ್ ದ್ವೀಪಗಳಲ್ಲಿ ಕಡಲಹಕ್ಕಿಗಳು ಸಾಲಾಗಿ ಸತ್ತವು. ಆರು ಸಾವಿರಕ್ಕೂ ಹೆಚ್ಚು ಹಕ್ಕಿಗಳ ಹೆಣ ಎತ್ತಿದರು. ಜುಲೈಯಿಂದ ಜನ ಅಲ್ಲಿ ಇಳಿಯುವುದನ್ನೇ ನಿಲ್ಲಿಸಿದರು. ಸಮುದ್ರ ದಂಡೆಗೆ ವಾಕಿಂಗ್ ಹೋದಾಗ ಮರಳ ಮೇಲೆ ರೆಕ್ಕೆ ಬಿಚ್ಚಿಕೊಂಡು ಬಿದ್ದ ದೊಡ್ಡ ಬಿಳಿ ಹಕ್ಕಿಯೊಂದನ್ನು ನಾನೇ ನೋಡಿದೆ. ಮುಟ್ಟಬೇಡಿ ಎಂದು ಬೋರ್ಡು ಹಾಕಿದ್ದರು. ಆ ಬೋರ್ಡಿನ ಪಕ್ಕ ನಿಂತಾಗ ನನಗೆ ನೆನಪಾದದ್ದು ನಮ್ಮ ಹಿತ್ತಲು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಗ್ಗೆ ಗೂಡು ತೆಗೆದರೆ ಎರಡು ಹ್ಯಾಟೆ ಸತ್ತು ಬಿದ್ದಿದ್ದವು. ಮೂರನೆಯದು ಕತ್ತು ತಿರುಚಿಕೊಂಡು ಒದ್ದಾಡುತ್ತಿತ್ತು. "ಕೊಕ್ಕರೆ ರೋಗ" ಅಂದಳು ಅವ್ವ. ಮೂರು ದಿನದಲ್ಲಿ ಉಳಿದದ್ದು ನಾಲ್ಕೇ. ಅವು ಸಾಯುವ ಮುಂಚೆ ದುಡ್ಡಾಗಲಿ ಎಂದು ಸಂತೆಗೆ ಒಯ್ದು ಮಾರಿದೆವು. ಬುಟ್ಟಿ ಹೊತ್ತವಳು ನಾನೇ. ಕೊಂಡವರ ಮನೆಯ ಕೋಳಿ ಏನಾದವು ಎಂದು ನಾವು ಯಾರೂ ಕೇಳಲಿಲ್ಲ. ಆ ವಿಷಯ ನನಗೆ ಈಗಲೂ ಚುಚ್ಚುತ್ತದೆ.

ಇಲ್ಲಿಗೆ ಬಂದ ಮೇಲೆ ಒಂದು ವಿಷಯ ಗೊತ್ತಾಯಿತು. ಆ ಕೊಕ್ಕರೆ ರೋಗಕ್ಕೆ ನಮ್ಮ ಪಶು ಡಾಕ್ಟರು ರಾಣಿಖೇತ್ ರೋಗ ಎನ್ನುತ್ತಾರೆ. ಇಲ್ಲಿ ಅದರ ಹೆಸರು ನ್ಯೂಕ್ಯಾಸಲ್ ರೋಗ. 1926ರಲ್ಲಿ ಇದೇ ಊರಲ್ಲಿ ಕಾಣಿಸಿಕೊಂಡಿತ್ತು ಅಂತ ಆ ಹೆಸರು. ಹೆಚ್ಚು ಕಡಿಮೆ ಅದೇ ಕಾಲಕ್ಕೆ ನಮ್ಮ ಹಿಮಾಲಯದ ತಪ್ಪಲಿನ ರಾಣಿಖೇತ್‌ನಲ್ಲೂ ಬಂತು. ಅದಕ್ಕೆ ಲಸಿಕೆ ಇದೆ. ಮರಿ ಇದ್ದಾಗಲೇ ಕಣ್ಣಿಗೋ ಮೂಗಿಗೋ ತೊಟ್ಟು ಬಿಡುತ್ತಾರೆ. ದಯವಿಟ್ಟು ಹಾಕಿಸಿ, ಯಾಕೆಂದರೆ ಇದೂ ಹಕ್ಕಿಜ್ವರವೂ ನೋಡಲಿಕ್ಕೆ ಒಂದೇ ಥರ. ಎಲ್ಲವನ್ನೂ ಕೊಕ್ಕರೆ ರೋಗ ಎಂದು ಸುಮ್ನೆ ಬಿಟ್ಟರೆ ಹಕ್ಕಿಜ್ವರ ಬಂದದ್ದೇ ತಿಳಿಯುವುದಿಲ್ಲ. ಅದರ ಲಸಿಕೆ ನಮ್ಮ ಹಿತ್ತಲ ಕೋಳಿಗೂ ಸಿಗುವುದಿಲ್ಲ, ಇಲ್ಲಿಯ ಅಜ್ಜಿಯ ಕೋಳಿಗೂ ಹಾಕುವ ಹಾಗಿಲ್ಲ. ದೂರ ಇಡುವುದೊಂದೇ ದಾರಿ.

ನಮ್ಮ ಕಡೆ ಇದೆಲ್ಲ ಬರುವುದಿಲ್ಲ ಅನ್ನಬೇಡಿ. 2020ರ ಮಾರ್ಚಿನಲ್ಲಿ ನಮ್ಮದೇ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಹಕ್ಕಿಜ್ವರ ಬಂದಿತ್ತು. ಹಿಂದೆಯೇ ಕೊರೋನಾ ಬಂದು ಜನ ಅದನ್ನು ಮರೆತೇಬಿಟ್ಟರು. 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿ, ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲೂ ಕಾಣಿಸಿತು.

ಆವಾಗಿನಿಂದ ನಾನು ಪ್ರತಿ ಚಳಿಗಾಲ ಅವ್ವನಿಗೂ ಅತ್ತಿಗೆಗೂ ಫೋನಿನಲ್ಲಿ ಕಾಟ ಕೊಡುತ್ತೇನೆ. ಐದು ತಿಂಗಳು ಕೂಡಿ ಹಾಕಿ ಎಂದು ನಾನು ಹೇಳುವುದಿಲ್ಲ, ಅದು ನಮ್ಮೂರಲ್ಲಿ ಆಗುವ ಮಾತಲ್ಲ. ಆದರೆ ನೀರು? ಅದು ಆಗುತ್ತದೆ. ಕೆರೆಯ ನೀರು, ಗದ್ದೆಯಲ್ಲಿ ನಿಂತ ನೀರು ಬೇಡ. ಬೋರಿನ ನೀರನ್ನು ಸೂರಿನ ಕೆಳಗೆ ಇಡಿ, ಕಾಳನ್ನೂ ಅಲ್ಲೇ ಹಾಕಿ. ಅಂಗಳದಲ್ಲಿ ಮೆಕ್ಕೆಜೋಳ ಚೆಲ್ಲಿದರೆ ಕಾಗೆ, ಬೆಳ್ಳಕ್ಕಿ ಎಲ್ಲ ಇಳಿಯುತ್ತವೆ. ಗದ್ದೆಯಿಂದ ಬಂದ ಚಪ್ಪಲಿಯಲ್ಲಿ ಗೂಡಿಗೆ ಹೋಗಬೇಡಿ, ಒಂದು ಹಳೇ ಜೊತೆಯನ್ನು ಗೂಡಿಗೇ ಬಿಟ್ಟುಬಿಡಿ. ಭತ್ತ ಕೊಯ್ದ ಮೇಲೆ ಬಾತುಕೋಳಿ ಹಿಂಡು ಹೊಡೆದುಕೊಂಡು ಬರುತ್ತಾರಲ್ಲ, ಅವು ಇರುವಷ್ಟು ದಿನ ನಮ್ಮ ಕೋಳಿ ಆ ಗದ್ದೆಗೆ ಹೋಗದ ಹಾಗೆ ನೋಡಿಕೊಳ್ಳಿ. ಸಂತೆಯಿಂದ ತಂದ ಕೋಳಿ, ಹಬ್ಬಕ್ಕೆ ನೆಂಟರು ತಂದ ಹುಂಜ, ಎರಡು ಮೂರು ವಾರ ಬೇರೆ ಇರಲಿ.

ಒಂದರ ಹಿಂದೆ ಒಂದು ಸಾಯತೊಡಗಿದರೆ, ಜುಟ್ಟು ನೀಲಿಯಾದರೆ, ಮುಖ ಊದಿಕೊಂಡರೆ, ಮೊಟ್ಟೆ ಒಮ್ಮೆಲೇ ನಿಂತರೆ, ಕೂಡಲೇ ಪಶು ಆಸ್ಪತ್ರೆಗೆ ಹೇಳಿ. 1962ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಸತ್ತದ್ದನ್ನು ನಾಲೆಗೆ ಎಸೆಯಬೇಡಿ, ಉಳಿದದ್ದನ್ನು ಮಾರಬೇಡಿ, ಕೊಯ್ದು ಸಾರು ಮಾಡಬೇಡಿ. ಚೆನ್ನಾಗಿ ಬೇಯಿಸಿದ ಕೋಳಿ, ಮೊಟ್ಟೆಯಿಂದ ಭಯವಿಲ್ಲ. ಭಯ ಇರುವುದು ರೋಗದ ಕೋಳಿಯನ್ನು ಕೊಯ್ಯುವಾಗ, ಪುಕ್ಕ ಕೀಳುವಾಗ. 2025ರಲ್ಲಿ ಆಂಧ್ರದಲ್ಲಿ ಎರಡು ವರ್ಷದ ಹೆಣ್ಣುಮಗು ಈ ಜ್ವರದಿಂದ ತೀರಿಕೊಂಡಿತು. ಹಸಿ ಕೋಳಿ ಮಾಂಸದ ಚೂರು ಬಾಯಿಗೆ ಹಾಕಿಕೊಂಡಿತ್ತಂತೆ. ಅತ್ತಿಗೆಯ ಮಗಳಿಗೂ ಆಗ ಹೆಚ್ಚು ಕಡಿಮೆ ಅಷ್ಟೇ ವಯಸ್ಸು. ಕೋಳಿ ಕೊಯ್ಯುವ ಜಾಗಕ್ಕೆ ಮಕ್ಕಳನ್ನು ಬಿಡಬೇಡಿ ಎಂದು ಅವತ್ತು ರಾತ್ರಿಯೇ ಫೋನ್ ಮಾಡಿದೆ.

"ಇಲಾಖೆಯವರು ಬಂದ್ರೆ ಇರೋದನ್ನೂ ಕೊಲ್ತಾರೆ" ಎಂದು ನಮ್ಮವರು ಹೆದರುತ್ತಾರೆ. ನಿಜ, ರೋಗ ಖಚಿತವಾದರೆ ಸುತ್ತಲಿನ ಕೋಳಿಯನ್ನೆಲ್ಲ ಕೊಲ್ಲುತ್ತಾರೆ. ಇಲ್ಲಿ ರೋಗ ಬಂದ ಜಾಗದ ಕೋಳಿಯನ್ನೆಲ್ಲ ಕೊಲ್ಲುತ್ತಾರೆ. ಆದರೆ ಹಾಗೆ ಕೊಂದ ಕೋಳಿಗೆ ಸರ್ಕಾರದ ಪರಿಹಾರ ಇದೆ. ಮುಚ್ಚಿಟ್ಟರೆ ಆ ದುಡ್ಡೂ ಇಲ್ಲ, ಪಕ್ಕದ ಮನೆಯವರ ಕೋಳಿಯೂ ಇಲ್ಲ. ಇಂಗ್ಲೆಂಡಿನಲ್ಲಿ 2024ರ ಅಕ್ಟೋಬರ್ 1ರಿಂದ ಒಂದೇ ಒಂದು ಕೋಳಿ ಸಾಕಿದರೂ ಹೆಸರು ನೋಂದಾಯಿಸಬೇಕು. ಅಜ್ಜಿ ಮೊದಲ ವಾರದಲ್ಲೇ ನೋಂದಾಯಿಸಿದರು. ಹತ್ತಿರ ಎಲ್ಲಾದರೂ ರೋಗ ಬಂದರೆ ತನಗೆ ಬೇಗ ತಿಳಿಯುತ್ತದೆ ಎಂಬ ಧೈರ್ಯ ಅವರಿಗೆ.

ಮೊನ್ನೆ ಅತ್ತಿಗೆ ವಿಡಿಯೋ ಕಾಲ್ ಮಾಡಿ ಹಿತ್ತಲು ತೋರಿಸಿದರು. ದನದ ಕೊಟ್ಟಿಗೆಯ ಮೂಲೆಯಲ್ಲಿ ಅಣ್ಣ ತಗಡು ಇಳಿಸಿ ಕೊಟ್ಟಿದ್ದಾನೆ. ಅದರ ಕೆಳಗೆ ಅಡ್ಡಗಲದ ಮಣ್ಣಿನ ಬೋಗುಣಿಯಲ್ಲಿ ನೀರು. ಬಾಗಿಲ ಪಕ್ಕ ಅಪ್ಪನ ಹಳೇ ಹವಾಯಿ ಚಪ್ಪಲಿ, ಒಂದರ ಉಂಗುಷ್ಠಕ್ಕೆ ಪಿನ್ನು ಹಾಕಿದೆ. ಅವ್ವ ಅದನ್ನು ಮೆಟ್ಟಿಕೊಂಡು ಒಳಗೆ ಹೋಗಿ ಕಾವಿಗೆ ಕೂತ ಹ್ಯಾಟೆಯನ್ನು ಮೆಲ್ಲಗೆ ಎತ್ತಿ ತೋರಿಸಿದಳು. ಹನ್ನೊಂದು ಮೊಟ್ಟೆ.

"ಆ ಅಜ್ಜಿದು ಕೋಳಿ ಎಷ್ಟದಾವೆ ಈಗ?" ಕೇಳಿದಳು.

"ಐದೂ ಅದಾವೆ ಅವ್ವಾ."