ಬ್ಯಾಡ ಅಂದೀರೋ, ನೋಡೇ ಇಲ್ಲೋ?

"ಪಟ್ಟ್ಯಾಗ ಹೆಸರಿಲ್ಲಂದ್ರ ಏನ್ರಿ ಮೇಡಂ ಅರ್ಥ? ಬ್ಯಾಡ ಅಂದೀರೋ, ನೋಡೇ ಇಲ್ಲೋ?"

ಸೋಮವಾರ ಫೋನಿನಲ್ಲಿ ಹರಪನಹಳ್ಳಿ ಕಡೆಯ ಒಬ್ಬ ಅಪ್ಪ ಕೇಳಿದ್ದು ಇದು. ಜಗಳಕ್ಕೆ ಕೇಳಿದ್ದಲ್ಲ, ತಿಳಿದುಕೊಳ್ಳೋಣ ಅಂತ ಕೇಳಿದ್ದು. ಜಗಳಕ್ಕೆ ಕೇಳಿದ್ದರೆ ಏನೋ ಒಂದು ಹೇಳಿ ಫೋನ್ ಇಡಬಹುದಿತ್ತು.

ನಾನು ಬಿಡುವಾದಾಗ ಹೋಗಿ ಕೈಜೋಡಿಸುವ ಟ್ರಸ್ಟ್ ಒಂದಿದೆ. ಪಿಯುಸಿ ಮುಗಿಸಿ ಡಿಗ್ರಿಗೆ ಸೇರುವ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತಾರೆ. ಈ ವರ್ಷದ ದಾನಿಯ ಷರತ್ತುಗಳು ಹೀಗಿದ್ದವು: ಹೆಣ್ಣುಮಕ್ಕಳಾಗಿರಬೇಕು, ಬಳ್ಳಾರಿ ಅಥವಾ ವಿಜಯನಗರ ಜಿಲ್ಲೆಯವರಾಗಿರಬೇಕು, ಮನೆಯ ವರಮಾನ ಎರಡೂವರೆ ಲಕ್ಷ ದಾಟಿರಬಾರದು, ಅಂಕ ಶೇ. 75ಕ್ಕೆ ಕಮ್ಮಿ ಇರಬಾರದು, ಬೇರೆ ಎಲ್ಲಿಂದಲೂ ವಿದ್ಯಾರ್ಥಿವೇತನ ಬರುತ್ತಿರಬಾರದು. ಅರ್ಜಿಗಳ ವಿವರ ಎಲ್ಲ ಎಂಎಸ್ ಆಕ್ಸೆಸ್ ಅನ್ನುವ ಡೇಟಾಬೇಸ್ ಪ್ರೋಗ್ರಾಮಿನಲ್ಲಿದೆ. ಕ್ವೆರಿ ಬರೆದು, ಅಂದರೆ ಇಂತಿಂಥ ಷರತ್ತಿಗೆ ಹೊಂದುವವರನ್ನು ತೋರಿಸು ಅಂತ ಕೇಳಿ, ಪಟ್ಟಿ ತೆಗೆಯುವುದು ಆಫೀಸಿನ ಹುಡುಗ.

ಹುಡುಗ ಚುರುಕು, ಆದರೆ ಅವಸರ ಜಾಸ್ತಿ. ಮೊದಲ ಪಟ್ಟಿ ತೆಗೆದಾಗ ಅದರಲ್ಲಿ ಗಂಡುಮಕ್ಕಳಿದ್ದರು! ಆಕ್ಸೆಸ್‌ನ ಚೌಕಗಳಲ್ಲಿ ಒಂದೇ ಸಾಲಿಗೆ ಬರೆದ ಷರತ್ತುಗಳೆಲ್ಲ ‘ಮತ್ತು’ ಆಗುತ್ತವೆ, ಕೆಳಗಿನ ಸಾಲಿಗಿಳಿದರೆ ‘ಅಥವಾ’. ಇವನು ಮೇಲಿನ ಸಾಲಿನಲ್ಲಿ ಎಲ್ಲವನ್ನೂ ಬರೆದು, ಕೆಳಗಿನ ಸಾಲಿನಲ್ಲಿ ಸುಮ್ನೆ ‘ವಿಜಯನಗರ’ ಅಂತಷ್ಟೇ ಬರೆದಿದ್ದ. ಕೆಳಗಿನ ಸಾಲಿಗೆ ಹೆಣ್ಣೋ ಗಂಡೋ ಗೊತ್ತಿಲ್ಲ, ಅಂಕ ಗೊತ್ತಿಲ್ಲ, ವರಮಾನವೂ ಗೊತ್ತಿಲ್ಲ. ವಿಜಯನಗರದಿಂದ ಅರ್ಜಿ ಹಾಕಿದವರೆಲ್ಲ ಬಂದು ಕೂತರು. ಎಲ್ಲರೂ ನಕ್ಕೆವು. ಅದೇ ಷರತ್ತುಗಳನ್ನು ಕೆಳಗಿನ ಸಾಲಿಗೂ ಬರೆದ, ಸರಿಹೋಯಿತು. ಎರಡು ನಿಮಿಷದ ಕೆಲಸ.

ಜಿಲ್ಲೆಯ ವಿಷಯದಲ್ಲಿ ಮಾತ್ರ ಅವನನ್ನು ಮೆಚ್ಚಬೇಕು. ಬಳ್ಳಾರಿಯ ಇಂಗ್ಲಿಷ್ ಸ್ಪೆಲ್ಲಿಂಗ್ 2014ರ ನವೆಂಬರ್ 1ರಂದು ಬದಲಾಯಿತು, ಅರ್ಜಿಗಳಲ್ಲಿ ಇವತ್ತಿಗೂ ಎರಡೂ ಬರುತ್ತವೆ. ಹರಪನಹಳ್ಳಿಯದಂತೂ ಕೇಳಲೇಬೇಡಿ. ಬಳ್ಳಾರಿಯಲ್ಲಿದ್ದ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ವಾಪಸ್ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಮನೆ ಕದಲಲಿಲ್ಲ, ಜಿಲ್ಲೆ ಮಾತ್ರ ಬದಲಾಗುತ್ತಾ ಹೋಯಿತು. ಇದನ್ನೆಲ್ಲ ಹುಡುಗ ಕೂತು ಒಂದೊಂದಾಗಿ ತಿದ್ದಿದ್ದ. ಹಾಗಾಗಿ ಫೋನ್ ಬಂದಾಗ ಜಿಲ್ಲೆಯದೇ ಎಡವಟ್ಟು ಇರಬೇಕು ಅಂತ ನೋಡಿದರೆ, ಅಲ್ಲ.

ಮಗಳ ರೆಕಾರ್ಡ್ ತೆಗೆದು ನೋಡಿದೆ. ಹೆಣ್ಣು, ವಿಜಯನಗರ, ವರಮಾನ ಕಮ್ಮಿ, ಅಂಕ ತೊಂಬತ್ತರ ಹತ್ತಿರ. ‘ಬೇರೆ ವಿದ್ಯಾರ್ಥಿವೇತನ’ ಅನ್ನುವ ಕಾಲಂ ಖಾಲಿ. ಕ್ವೆರಿಯಲ್ಲಿ ಆ ಕಾಲಂಗೆ ಹಾಕಿದ್ದ ಷರತ್ತು: ‘ಹೌದು’ ಅಂತ ಇರಬಾರದು. ಖಾಲಿ ಇದ್ದರೆ ‘ಹೌದು’ ಅಂತ ಇಲ್ಲ ಅಂತಲೇ ಅರ್ಥ, ಅಲ್ವಾ? ನಮಗೆ ಹಾಗೆ. ಡೇಟಾಬೇಸ್‌ಗೆ ಹಾಗಲ್ಲ. ಖಾಲಿ ಜಾಗಕ್ಕೆ ಅಲ್ಲಿ ‘ನಲ್’ ಅನ್ನುತ್ತಾರೆ, ಅಂದರೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ‘ಹೌದು’ ಜೊತೆ ಹೋಲಿಸಿದರೆ ಉತ್ತರವೂ ಗೊತ್ತಿಲ್ಲ. ಖಚಿತವಾಗಿ ನಿಜ ಅಂತ ಉತ್ತರ ಬಂದ ರೆಕಾರ್ಡ್ ಮಾತ್ರ ಪಟ್ಟಿಗೆ ಬರುತ್ತದೆ.

ನಂಬಿಕೆ ಆಗದೆ ಮಾಡಿ ನೋಡಿದೆ. ಉಳಿದ ಷರತ್ತು ತೆಗೆದು, ‘ಹೌದು’ ಇರುವವರನ್ನು ತೋರಿಸು ಅಂದೆ. ಆ ಹುಡುಗಿ ಇಲ್ಲ. ‘ಹೌದು’ ಅಲ್ಲದವರನ್ನು ತೋರಿಸು ಅಂದೆ. ಅಲ್ಲೂ ಇಲ್ಲ. ಎರಡೂ ಪಟ್ಟಿ ಕೂಡಿಸಿದರೆ ಒಟ್ಟು ಅರ್ಜಿಗಳ ಲೆಕ್ಕಕ್ಕೆ ಕಡಿಮೆ ಬೀಳುತ್ತಿತ್ತು. ಒಂದಷ್ಟು ಮಕ್ಕಳು ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಪ್ರೋಗ್ರಾಮಿನ ತಪ್ಪೇನಿಲ್ಲ. ಡೇಟಾಬೇಸ್ ಪಾಠದಲ್ಲಿ ಮೊದಲಿಗೇ ಹೇಳಿಕೊಡುವ ಸಂಗತಿ ಇದು. ‘ನಲ್ ಇದ್ದರೂ ಸರಿ’ ಅಂತ ಇನ್ನೊಂದು ಮಾತು ಸೇರಿಸಿದ್ದರೆ ಮುಗಿದಿತ್ತು.

ನನಗೆ ಕಸಿವಿಸಿಯಾದದ್ದು ನಮ್ಮ ಅರ್ಜಿಯ ಫಾರಂ ತೆಗೆದು ಓದಿದಾಗ. "ಬೇರೆ ವಿದ್ಯಾರ್ಥಿವೇತನ ಬರುತ್ತಿದ್ದಲ್ಲಿ ವಿವರ ಬರೆಯಿರಿ" ಅಂತಿದೆ. ಬರುತ್ತಿಲ್ಲ, ಹಾಗಾಗಿ ಹುಡುಗಿ ಬರೆಯಲಿಲ್ಲ. ಫಾರಂ ಹೇಳಿದ ಹಾಗೇ ನಡೆದುಕೊಂಡವಳು ಹೊರಗೆ. ಕೇಳದೇ ಇದ್ದರೂ ‘ಇಲ್ಲ’ ಅಂತ ಬರೆದವರು ಒಳಗೆ.

ಬ್ಯಾಡ ಅಂದೀರೋ, ನೋಡೇ ಇಲ್ಲೋ?

ಆ ಅಪ್ಪ ಮೊದಲು ಫೋನ್ ಮಾಡಿದಾಗ ಎತ್ತಿದ್ದು ನಮ್ಮ ಕಾರ್ಯದರ್ಶಿಗಳು. "ಸಿಸ್ಟಮ್‌ನಲ್ಲಿ ಬಂದಿಲ್ಲಪ್ಪ, ಅರ್ಹತೆ ಇಲ್ಲ" ಅಂದರಂತೆ. ಒಳ್ಳೆಯ ಮನುಷ್ಯರೇ. ಟ್ರಸ್ಟಿನ ದುಡ್ಡಲ್ಲಿ ಒಂದು ಕಾಫಿ ಕುಡಿದವರಲ್ಲ. ಆದರೆ ಕಂಪ್ಯೂಟರಿನಿಂದ ಪ್ರಿಂಟ್ ಆಗಿ ಬಂದದ್ದರ ಮೇಲೆ ಅವರಿಗಿರುವ ಭಕ್ತಿ ದೇವರ ಮೇಲೂ ಇಲ್ಲ. ‘ಬಂದಿಲ್ಲ’ ಅನ್ನುವುದನ್ನು ‘ಅರ್ಹತೆ ಇಲ್ಲ’ ಮಾಡಲು ಅವರಿಗೆ ಒಂದು ಉಸಿರೂ ಬೇಕಾಗಲಿಲ್ಲ.

ಮೊದಲು ಅರ್ಜಿಗಳು ಕಾಗದದಲ್ಲಿದ್ದ ಕಾಲದಲ್ಲಿ ಇದೇ ಕಾರ್ಯದರ್ಶಿಗಳು ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ತಿರುವಿ ನೋಡುತ್ತಿದ್ದರು. ಬೇಡವಾದದ್ದರ ಮೇಲೆ ಕೆಂಪು ಶಾಯಿಯಲ್ಲಿ ಕಾರಣ ಬರೆದು ಪಕ್ಕಕ್ಕೆ ಇಡಬೇಕಿತ್ತು. ಅಲ್ಲೂ ಅನ್ಯಾಯ ಆಗುತ್ತಿತ್ತು, ಇಲ್ಲ ಅನ್ನಲ್ಲ. ಪರಿಚಯದವರ ಮಕ್ಕಳು ಮೇಲೆ ಬರುತ್ತಿದ್ದರು. ಆದರೂ ಬೇಡ ಅನ್ನಲು ಒಬ್ಬರು ಬೇಡ ಅನ್ನಲೇಬೇಕಿತ್ತು. ಜರಡಿ ಹಿಡಿದರೆ ಉಳಿದ ಹೊಟ್ಟೂ ಕಣ್ಣೆದುರಿಗೇ ಇರುತ್ತದಲ್ಲ, ಹಾಗೆ. ಕ್ವೆರಿಯಲ್ಲಿ ಕಣ್ಣಿಗೆ ಬೀಳುವುದು ಕೆಳಗೆ ಬಿದ್ದದ್ದು ಮಾತ್ರ.

ಅದಕ್ಕೇ ನೋಡಿ, ಗಂಡುಮಕ್ಕಳ ಹೆಸರು ಬಂದಾಗ ಒಂದೇ ಕ್ಷಣದಲ್ಲಿ ಗೊತ್ತಾಯಿತು. ಜಾಸ್ತಿ ಬಂದದ್ದು ಕಾಣುತ್ತದೆ. ಬಿಟ್ಟುಹೋದದ್ದು ಕಾಣಬೇಕಾದರೆ ಹರಪನಹಳ್ಳಿಯಿಂದ ಯಾರಾದರೂ ಎರಡು ಸಲ ಫೋನ್ ಮಾಡಬೇಕು. ಫೋನ್ ಮಾಡದ ಮನೆಗಳು ಎಷ್ಟೋ. ಕೆಲಸಕ್ಕೆ ಹಾಕಿದ ಅರ್ಜಿ, ಬಾಡಿಗೆ ಮನೆ, ಮದುವೆ ಸಂಬಂಧ, ಎಲ್ಲ ಈಗ ಹೀಗೇ ಅಲ್ವಾ ಸೋಸುವುದು? ಉತ್ತರ ಬರದಿದ್ದರೆ ನಮ್ಮಲ್ಲೇ ಏನೋ ಕೊರತೆ ಅಂದುಕೊಂಡು ಸುಮ್ಮನಾಗುತ್ತೇವೆ. ಯಾವುದೋ ಕಾಲಂ ಖಾಲಿ ಬಿಟ್ಟಿದ್ದೆವು ಅಂತ ಹೇಳುವವರು ಯಾರು?

ಆ ಅಪ್ಪನಿಗೆ "ನೋಡಿಲ್ಲ, ಈಗ ನೋಡ್ತೀವಿ" ಅಂದೆ. "ಹಂಗಾರ ಸರಿ ಬಿಡ್ರಿ" ಅಂದರು. ಗೆದ್ದ ದನಿಯೇನಲ್ಲ, ಅರ್ಥವಾಯಿತು ಅನ್ನುವ ದನಿ.

ತಿದ್ದಿದ ಕ್ವೆರಿಯ ಪಟ್ಟಿ ಕಾರ್ಯದರ್ಶಿಗಳ ಮೇಜಿನ ಮೇಲಿದೆ. ಫಾರಂನಲ್ಲಿ ಆ ಸಾಲಿನ ಬದಲು ‘ಹೌದು / ಇಲ್ಲ’ ಎರಡು ಚೌಕ ಹಾಕಿಸಲು ಹುಡುಗನೇ ಮುಂದಾದ. ಆದರೆ ಹಳೆಯ ಪಟ್ಟಿ ಆಗಲೇ ದಾನಿಗೆ ಹೋಗಿದೆ. ಶನಿವಾರ ಮೀಟಿಂಗ್. "ಬಿಟ್ಟುಹೋದವರನ್ನ ಮುಂದಿನ ವರ್ಷ ನೋಡೋಣ ಬಿಡಮ್ಮ" ಅಂತ ಕಾರ್ಯದರ್ಶಿಗಳ ರಾಗ ಈಗಲೇ ಶುರುವಾಗಿದೆ. ಮುಂದಿನ ವರ್ಷ ಆ ಹುಡುಗಿ ಡಿಗ್ರಿ ಎರಡನೇ ವರ್ಷದಲ್ಲಿರುತ್ತಾಳೆ. ನಮ್ಮ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದಾದದ್ದು ಮೊದಲನೇ ವರ್ಷದವರು ಮಾತ್ರ. ಆ ನಿಯಮ ಬರೆದವರೂ ಅವರೇ.