ಆರ್‌ಟಿಸಿ ಇಲ್ಲದವರ ಸಹಕಾರ ಸಂಘ

ಉತ್ತರ ಇಟಲಿಯ ಬೊಲೊನ್ಯಾ ನಗರದಲ್ಲಿ ವಾಸಿಸುವವರು ಒಂದು ದಿನವನ್ನೂ ಸಹಕಾರ ಸಂಘಗಳ ಸಂಪರ್ಕವಿಲ್ಲದೆ ಕಳೆಯುವುದು ಕಷ್ಟ. ನಾವು ದಿನಸಿ ಕೊಳ್ಳುವ ದೊಡ್ಡ ಅಂಗಡಿ ಗ್ರಾಹಕರ ಸಹಕಾರ ಸಂಘದ್ದು. ಪಕ್ಕದ ಮನೆಯ ಮಗು ಹೋಗುವ ಶಿಶುವಿಹಾರವನ್ನು ನಡೆಸುವುದು ಅಲ್ಲಿನ ಶಿಕ್ಷಕಿಯರೇ ಸದಸ್ಯರಾಗಿರುವ ಸಂಘ. ಕೆಳಗಿನ ಮಹಡಿಯ ವೃದ್ಧೆಗೆ ಸ್ನಾನ ಮಾಡಿಸಿ, ಮಾತ್ರೆ ಕೊಟ್ಟು, ಹೊತ್ತು ಮೀರುವ ಮೊದಲು ಇನ್ನೊಂದು ಮನೆಗೆ ಓಡುವ ಮೊಲ್ಡೋವಾ ದೇಶದ ಹೆಂಗಸು ಮತ್ತೊಂದು ಸಂಘದ ಸದಸ್ಯೆ. ಈ ಸೀಮೆಯ ಹೆಸರಾಂತ ಪಾರ್ಮಿಜಾನೊ ಚೀಸ್ ತಯಾರಿಸುವ ಅನೇಕ ಡೇರಿಗಳೂ ಹಾಲು ಉತ್ಪಾದಕರ ಸಂಘಗಳೇ ಆಗಿವೆ.

ಕೊಡಗಿನ ಸೋಮವಾರಪೇಟೆ ತಾಲ್ಲೂಕಿನ ಕಾಫಿ ತೋಟಗಳ ನಡುವೆ ಬೆಳೆದು ಈಗ ಇಲ್ಲಿರುವ ನನಗೆ ಸಹಕಾರವೇನೂ ಅಪರಿಚಿತವಲ್ಲ. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಂಘವನ್ನು ಕಟ್ಟಿದ ನಾಡು ನಮ್ಮದು. ಕೊಡಗು ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕು 1921ರಲ್ಲಿ ಹುಟ್ಟಿತು. ವಿರಾಜಪೇಟೆಯ ಜೇನು ಮತ್ತು ಮೇಣ ಉತ್ಪಾದಕರ ಸಂಘ, ಗೋಣಿಕೊಪ್ಪದ ಕಿತ್ತಳೆ ಬೆಳೆಗಾರರ ಸಂಘ, ಮಡಿಕೇರಿಯ ಕಾಫಿ ಬೆಳೆಗಾರರ ಸಂಘ, ಊರೂರಿನ ವ್ಯವಸಾಯ ಸೇವಾ ಸಹಕಾರ ಸಂಘ, ಇವುಗಳ ಹೆಸರು ಕೇಳದ ಮನೆ ನಮ್ಮಲ್ಲಿರಲಾರದು. ಆದರೆ ಇವುಗಳಲ್ಲಿ ಹೆಚ್ಚಿನವು ಬೆಳೆಗಾರರ ಸಂಘಗಳು. ಅವುಗಳ ಬಾಗಿಲು ತೆರೆಯುವುದು ಆರ್‌ಟಿಸಿಯನ್ನು, ಅಂದರೆ ಜಮೀನಿನ ಪಹಣಿಯನ್ನು, ತೋರಿಸಿದಾಗ. ಗಿಡದ ಒಡೆಯ ಸದಸ್ಯನಾಗುತ್ತಾನೆ. ಆ ಗಿಡದಿಂದ ಹಣ್ಣು ಕೊಯ್ಯುವವಳು ಲೆಕ್ಕಪುಸ್ತಕದಲ್ಲಿ ಖರ್ಚಿನ ಒಂದು ಬಾಬತ್ತಾಗಿ ಉಳಿಯುತ್ತಾಳೆ. ಸಹಕಾರದಿಂದ ಘನತೆಯ ದುಡಿಮೆ ಸಾಧ್ಯವೇ ಎಂದು ಕೇಳುವ ಮೊದಲು ಸದಸ್ಯರು ಯಾರು ಎಂದು ಕೇಳಬೇಕೆಂಬುದು ಬೊಲೊನ್ಯಾಕ್ಕೆ ಬಂದ ಮೇಲೆ ನನಗೆ ಖಚಿತವಾದ ಸಂಗತಿ.

ಬೊಲೊನ್ಯಾದಿಂದ ರೈಲಿನಲ್ಲಿ ಪೂರ್ವಕ್ಕೆ ಹೋದರೆ, ಸಮುದ್ರಕ್ಕೆ ಸಮೀಪದಲ್ಲಿ ರವೆನ್ನಾ ಎಂಬ ಹಳೆಯ ಪಟ್ಟಣವಿದೆ. ಪ್ರವಾಸಿಗರು ಅಲ್ಲಿನ ಪ್ರಾಚೀನ ಇಗರ್ಜಿಗಳ ಬಣ್ಣದ ಕಲ್ಲಿನ ಚಿತ್ತಾರಗಳನ್ನು ನೋಡಲು ಹೋಗುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಸುತ್ತಲಿನ ಜೌಗು ನೆಲದ ಕಥೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ಬಯಲುಗಳಲ್ಲಿ ‘ಬ್ರಾಚಾಂತಿ’ ಎಂದು ಕರೆಯಲ್ಪಡುತ್ತಿದ್ದ ಭೂಹೀನ ದಿನಗೂಲಿಗಳು ತುಂಬಿದ್ದರು. ಕಾಲುವೆ ತೋಡುವುದು, ಏರಿ ಹಾಕುವುದು, ಸುಗ್ಗಿಯಲ್ಲಿ ಕೊಯ್ಲಿಗೆ ಹೋಗುವುದು ಅವರ ಕೆಲಸ. ಉಳಿದ ತಿಂಗಳುಗಳಲ್ಲಿ ಕೆಲಸವೇ ಇಲ್ಲ. ಸರ್ಕಾರದ ಕಾಮಗಾರಿಯನ್ನು ಗುತ್ತಿಗೆದಾರ ಹಿಡಿಯುತ್ತಿದ್ದ, ತನ್ನ ಪಾಲನ್ನು ಇಟ್ಟುಕೊಂಡು ಮಿಕ್ಕದ್ದನ್ನು ಕೂಲಿಯಾಗಿ ಹಂಚುತ್ತಿದ್ದ. 1883ರಲ್ಲಿ ನುಲ್ಲೊ ಬಾಲ್ದೀನಿ ಮತ್ತು ಅವರ ಸಂಗಡಿಗರು ಈ ಕೂಲಿಗಳನ್ನು ಸೇರಿಸಿ ಒಂದು ಸಂಘ ಕಟ್ಟಿದರು. ಅದು ಮಾಡಿದ ಕೆಲಸ ಬಹಳ ಸರಳವಾದದ್ದು: ಗುತ್ತಿಗೆದಾರನ ಜಾಗದಲ್ಲಿ ತಾನೇ ಕುಳಿತು, ಕಾಮಗಾರಿಯನ್ನು ಸಂಘದ ಹೆಸರಿನಲ್ಲಿ ಹಿಡಿದು, ಸರದಿಯ ಪ್ರಕಾರ ಸದಸ್ಯರಿಗೆ ಹಂಚಿತು. ಮರುವರ್ಷವೇ ಸುಮಾರು 500 ಮಂದಿ ರೋಮ್ ನಗರದ ಹತ್ತಿರದ ಓಸ್ತಿಯಾ ಜೌಗನ್ನು ಬತ್ತಿಸುವ ಕೆಲಸಕ್ಕೆ ಹೋದರು. ಅಲ್ಲಿ ಮಲೇರಿಯಾದಿಂದ ಸತ್ತವರು ಅನೇಕರು. ಸಹಕಾರ ಸಂಘದ ಕೆಲಸವೆಂದ ಮಾತ್ರಕ್ಕೆ ಅದು ಸುಖದ ಕೆಲಸವಾಗಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಮುಂದೆ ಇಂಥ ಸಂಘಗಳು ಜಮೀನನ್ನೂ ಗೇಣಿಗೆ ಹಿಡಿದವು, ಕೊಂಡವು. 1922ರಲ್ಲಿ ಫ್ಯಾಸಿಸ್ಟರು ರವೆನ್ನಾದ ಸಹಕಾರ ಸಂಘಗಳ ಕೇಂದ್ರ ಕಚೇರಿಗೆ ಬೆಂಕಿಯಿಟ್ಟರು. ಕೂಲಿಗಳ ಸಂಘವೊಂದು ಭೂಮಾಲೀಕರ ಕಣ್ಣಿಗೆ ಎಷ್ಟು ಚುಚ್ಚುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಯುದ್ಧ ಮುಗಿದ ಮೇಲೆ ಅವು ಮತ್ತೆ ಎದ್ದವು. ಇಂದಿಗೂ ರವೆನ್ನಾ ಜಿಲ್ಲೆಯಲ್ಲಿ ಕೂಲಿಕಾರರ ಕೃಷಿ ಸಹಕಾರ ಸಂಘಗಳು ಸಾವಿರಾರು ಹೆಕ್ಟೇರ್ ಭೂಮಿಯನ್ನು ಸಾಗುವಳಿ ಮಾಡುತ್ತಿವೆ. ಆ ಭೂಮಿಯನ್ನು ಸದಸ್ಯರು ತಮ್ಮತಮ್ಮಲ್ಲಿ ಪಾಲು ಮಾಡಿಕೊಳ್ಳುವಂತಿಲ್ಲ. ನಿವೃತ್ತನಾಗುವವನು ತನ್ನ ಷೇರಿನ ಹಣವನ್ನು ಮಾತ್ರ ಪಡೆದು, ನೆಲವನ್ನು ಮುಂದಿನವರಿಗೆ ಬಿಟ್ಟು ಹೋಗುತ್ತಾನೆ.

ಈ ‘ಪಾಲಾಗದ ಆಸ್ತಿ’ಯ ನಿಯಮ ಇಟಲಿಯ ಸಹಕಾರ ಕಾನೂನಿನ ಬೆನ್ನೆಲುಬು. ಸಹಕಾರದ ಸಾಮಾಜಿಕ ಪಾತ್ರವನ್ನು ಮನ್ನಿಸುವ ಮಾತು ಆ ದೇಶದ ಸಂವಿಧಾನದ 45ನೆಯ ವಿಧಿಯಲ್ಲಿಯೇ ಇದೆ. ಸಂಘದ ಲಾಭದಲ್ಲಿ ಕನಿಷ್ಠ ಶೇ. 30ರಷ್ಟು ಮೀಸಲು ನಿಧಿಗೆ ಹೋಗಬೇಕು. ಇನ್ನೂ ಶೇ. 3ರಷ್ಟನ್ನು, 1992ರ ಕಾನೂನಿನ ಪ್ರಕಾರ, ಹೊಸ ಸಂಘಗಳನ್ನು ಬೆಳೆಸುವ ಸಾಮೂಹಿಕ ನಿಧಿಗೆ ಕೊಡಬೇಕು. ಸಂಘ ಮುಚ್ಚಿದರೂ ಉಳಿದ ಆಸ್ತಿ ಸೇರುವುದು ಆ ನಿಧಿಗೇ. ಹೀಗಾಗಿ ಒಳ್ಳೆಯ ಕಾಲದಲ್ಲಿ ಸಂಘವನ್ನು ಮಾರಿ ಹಣ ಮಾಡಿಕೊಳ್ಳುವ ಆಸೆಗೆ ಇಲ್ಲಿ ದಾರಿಯಿಲ್ಲ, ಕೆಟ್ಟ ಕಾಲದಲ್ಲಿ ಕೆಲಸದವರನ್ನು ಉಳಿಸಿಕೊಳ್ಳಲು ಮೀಸಲು ಹಣವೂ ಇರುತ್ತದೆ.

ಸಾಮಾಜಿಕ ಸಹಕಾರ ಸಂಘಗಳ ಮೂಲ ಇದಕ್ಕಿಂತ ವಿಚಿತ್ರವಾದದ್ದು. 1970ರ ದಶಕದ ಆರಂಭದಲ್ಲಿ ತ್ರಿಯೆಸ್ತೆ ನಗರದ ಮಾನಸಿಕ ಆಸ್ಪತ್ರೆಯಲ್ಲಿ ನೆಲ ಗುಡಿಸುವ, ಅಡುಗೆಮನೆ ತೊಳೆಯುವ ಕೆಲಸಗಳನ್ನು ರೋಗಿಗಳಿಂದ ಚಿಕಿತ್ಸೆಯ ಹೆಸರಿನಲ್ಲಿ ಬಿಟ್ಟಿಯಾಗಿ ಮಾಡಿಸಲಾಗುತ್ತಿತ್ತು. ಅಲ್ಲಿನ ನಿರ್ದೇಶಕರಾಗಿದ್ದ ಮನೋವೈದ್ಯ ಫ್ರಾಂಕೊ ಬಸಾಲ್ಯಾ ಅವರ ಬೆಂಬಲದಿಂದ ಆ ರೋಗಿಗಳೇ ಒಂದು ಸಹಕಾರ ಸಂಘ ಮಾಡಿಕೊಂಡು, ಅದೇ ಕೆಲಸಕ್ಕೆ ಕಾರ್ಮಿಕ ಸಂಘಟನೆಗಳು ಒಪ್ಪಿದ ದರದಲ್ಲಿ ಕೂಲಿ ಪಡೆಯತೊಡಗಿದರು. ಪೊರಕೆ ಅದೇ, ನೆಲವೂ ಅದೇ. ಗುಡಿಸುವವರು ಮಾತ್ರ ರೋಗಿಗಳಿಂದ ಕಾರ್ಮಿಕರಾಗಿ ಬದಲಾದರು. ಇಂಥ ಪ್ರಯೋಗಗಳ ಬೆನ್ನಿಗೆ 1991ರ 381ನೆಯ ಕಾನೂನು ಬಂದಿತು. ಅದರ ಪ್ರಕಾರ ಸಾಮಾಜಿಕ ಸಹಕಾರ ಸಂಘಗಳು ಎರಡು ಬಗೆ: ಆರೈಕೆ, ಆರೋಗ್ಯ, ಶಿಕ್ಷಣದ ಸೇವೆ ನೀಡುವವು ಒಂದು, ಅಂಗವಿಕಲರು, ಮಾನಸಿಕ ಅಸ್ವಸ್ಥತೆಯಿಂದ ಚೇತರಿಸಿಕೊಳ್ಳುತ್ತಿರುವವರು, ವ್ಯಸನದಿಂದ ಹೊರಬರುತ್ತಿರುವವರು, ಸೆರೆವಾಸದಲ್ಲಿರುವವರು ಮೊದಲಾದವರಿಗೆ ಕೆಲಸ ಕೊಡುವವು ಇನ್ನೊಂದು. ಎರಡನೆಯ ಬಗೆಯ ಸಂಘದ ಕೆಲಸಗಾರರಲ್ಲಿ ಕನಿಷ್ಠ ಶೇ. 30ರಷ್ಟು ಮಂದಿ ಅಂಥವರಿರಬೇಕು. ಅವರ ಮಟ್ಟಿಗೆ ಸಾಮಾಜಿಕ ಭದ್ರತೆಯ ವಂತಿಗೆಯಲ್ಲಿ ಸರ್ಕಾರ ವಿನಾಯಿತಿ ಕೊಡುತ್ತದೆ.

ಕೆಳಗಿನ ಮಹಡಿಗೆ ಬರುವ ಆರೈಕೆದಾರೆಯೊಡನೆ ಮೆಟ್ಟಿಲ ಬಳಿ ಆಗಾಗ ಮಾತನಾಡುತ್ತೇನೆ. ಇಲ್ಲಿಗೆ ಬಂದ ಹೊಸತರಲ್ಲಿ ಅವರು ಒಂದು ಮನೆಯಲ್ಲಿ ರಾತ್ರಿಹಗಲು ಇದ್ದು, ಕಾಗದಪತ್ರವಿಲ್ಲದೆ ಕೈಗೆ ಹಣ ಪಡೆದು ದುಡಿದವರು. ಈಗ ಅವರಿಗೆ ಲಿಖಿತ ಒಪ್ಪಂದವಿದೆ, ರಜೆಯಿದೆ, ಕಾಯಿಲೆ ಬಿದ್ದರೆ ಸಂಬಳವಿದೆ, ಪಿಂಚಣಿಗೆ ವಂತಿಗೆ ಸೇರುತ್ತದೆ, ಡಿಸೆಂಬರಿನಲ್ಲಿ ಹದಿಮೂರನೆಯ ತಿಂಗಳ ಸಂಬಳ ಬರುತ್ತದೆ, ಮಹಾಸಭೆಯಲ್ಲಿ ಅಧ್ಯಕ್ಷರಿಗೆ ಇರುವಂತೆಯೇ ಒಂದು ಮತವಿದೆ. ಸಂಬಳ ಸಾಲುತ್ತದೆಯೇ ಎಂದು ಕೇಳಿದರೆ ಮಾತ್ರ ನಕ್ಕುಬಿಡುತ್ತಾರೆ. ಈ ಸಂಘಗಳ ದೊಡ್ಡ ಗಿರಾಕಿ ಪುರಸಭೆಗಳು. ಪುರಸಭೆ ಟೆಂಡರಿನಲ್ಲಿ ದರ ಕುಗ್ಗಿಸಿದಾಗ ಸಂಘ ಎಷ್ಟೇ ಪ್ರಜಾಸತ್ತಾತ್ಮಕವಾಗಿದ್ದರೂ ಸದಸ್ಯರಿಗೆ ಹಂಚುವುದು ಬಡತನವನ್ನೇ.

ಇದಕ್ಕಿಂತ ಗಂಭೀರವಾದ ರೋಗವೊಂದು ಈ ಪ್ರಾಂತ್ಯದಲ್ಲಿಯೇ ಇದೆ. ಸರಕು ಸಾಗಣೆಯ ಗೋದಾಮುಗಳಲ್ಲಿ, ಮೊಡೆನಾ ಸುತ್ತಲಿನ ಮಾಂಸ ಸಂಸ್ಕರಣೆಯ ಘಟಕಗಳಲ್ಲಿ, ಹೆಸರಿಗೆ ಮಾತ್ರ ಸಹಕಾರ ಸಂಘಗಳಾಗಿರುವ ಕೂಲಿ ಗುತ್ತಿಗೆ ಸಂಸ್ಥೆಗಳು ಹುಟ್ಟಿಕೊಂಡವು. ಕೆಲಸ ಬೇಕಾದರೆ ಸದಸ್ಯತ್ವದ ಕಾಗದಕ್ಕೆ ಸಹಿ ಹಾಕಬೇಕು; ಸಹಿ ಹಾಕಿದವನು ಮಹಾಸಭೆಯನ್ನು ಎಂದೂ ಕಾಣುವುದಿಲ್ಲ; ವಂತಿಗೆ ಕಟ್ಟುವ ಹೊತ್ತಿಗೆ ಸಂಘ ಮುಚ್ಚಿ ಬೇರೆ ಹೆಸರಿನಲ್ಲಿ ತೆರೆದುಕೊಳ್ಳುತ್ತದೆ. ದುಡಿಯುವವರಲ್ಲಿ ಬಹಳಷ್ಟು ಮಂದಿ ವಲಸಿಗರು. ‘ನೀನು ಕೂಲಿಯಲ್ಲ, ಮಾಲೀಕ’ ಎಂದು ಹೇಳಿ ಕನಿಷ್ಠ ಹಕ್ಕುಗಳನ್ನೂ ಕಿತ್ತುಕೊಳ್ಳಬಹುದು ಎಂಬುದನ್ನು ಇಲ್ಲಿನ ಅನುಭವ ತೋರಿಸಿದೆ. ಸದಸ್ಯನಾಗಿರುವ ಕಾರ್ಮಿಕನಿಗೂ ಆ ಉದ್ಯಮದ ಸಾಮೂಹಿಕ ಒಪ್ಪಂದಕ್ಕಿಂತ ಕಡಿಮೆ ಸಂಬಳ ಕೊಡುವಂತಿಲ್ಲವೆಂದು 2001ರ 142ನೆಯ ಕಾನೂನು ಹೇಳುತ್ತದೆ. ಸಂಘಗಳ ತಪಾಸಣೆಯೂ ಕಡ್ಡಾಯ. ಕಾನೂನಿನ ಜೊತೆಗೆ ಕಾರ್ಮಿಕ ಸಂಘಟನೆಯೂ ಎಚ್ಚರವಾಗಿರುವ ಕಡೆಗಳಲ್ಲಿ ಮಾತ್ರ ಇವು ಫಲ ಕೊಟ್ಟಿವೆ ಎಂಬುದು ನನ್ನ ಅಭಿಪ್ರಾಯ. ಸಹಕಾರ ಇದ್ದ ಮೇಲೆ ಯೂನಿಯನ್ ಏಕೆ ಎಂದು ಕೇಳುವವರು ನಮ್ಮಲ್ಲಿಯೂ ಇದ್ದಾರೆ. ಅವರಿಗಾಗಿ ಇಷ್ಟು ಬರೆದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1999ರಲ್ಲಿ ಘನತೆಯ ದುಡಿಮೆಯನ್ನು ತನ್ನ ಗುರಿಯಾಗಿ ಮುಂದಿಟ್ಟಿತು. ಉದ್ಯೋಗ, ಹಕ್ಕುಗಳು, ಸಾಮಾಜಿಕ ಭದ್ರತೆ, ಪರಸ್ಪರ ಮಾತುಕತೆ ಅದರ ನಾಲ್ಕು ಅಂಗಗಳು. 2002ರ ಅದರ 193ನೆಯ ಶಿಫಾರಸು, ಕಾರ್ಮಿಕ ಕಾನೂನಿನಿಂದ ತಪ್ಪಿಸಿಕೊಳ್ಳಲು ಸಹಕಾರ ಸಂಘಗಳನ್ನು ಸ್ಥಾಪಿಸುವುದನ್ನು ತಡೆಯಬೇಕೆಂದು ಸ್ಪಷ್ಟವಾಗಿ ಹೇಳಿತು. 2022ರ ಅದರ ನಿರ್ಣಯ ಸಹಕಾರ ಸಂಘಗಳ ಜೊತೆಗೆ ಸ್ವಸಹಾಯ ಗುಂಪುಗಳನ್ನೂ ಸಾಮಾಜಿಕ ಆರ್ಥಿಕತೆಯೊಳಗೆ ಸೇರಿಸಿತು. ಅಲ್ಲಿಗೆ ನಮ್ಮೂರಿನ ಸ್ತ್ರೀಶಕ್ತಿ ಗುಂಪುಗಳೂ ಈ ಚರ್ಚೆಯ ಒಳಗೇ ಬಂದವು.

ಈಗ ಕೊಡಗಿನ ಮಾತು. ದೇಶದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ನಮ್ಮ ಜಿಲ್ಲೆಯಿಂದ ಬರುತ್ತದೆ. ಅದನ್ನು ಕೊಯ್ಯುವವರು ಯಾರು? ತೋಟದೊಳಗಿನ ಕೂಲಿಗಳ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ತಲೆಮಾರುಗಳಿಂದ ಇರುವ ಯರವ, ಕುರುಬ ಆದಿವಾಸಿ ಕುಟುಂಬಗಳು. ಬೆಳಿಗ್ಗೆ ಜೀಪಿನಲ್ಲಿ ಒತ್ತಿ ಕುಳಿತು ಬರುವ ಬಯಲುಸೀಮೆಯ ಹೆಂಗಸರು. ಇತ್ತೀಚಿನ ವರ್ಷಗಳಲ್ಲಿ ಅಸ್ಸಾಂ, ಬಂಗಾಳದಿಂದ ಬಂದವರು. ಲೈನ್ ಮನೆಯ ಕುಟುಂಬಕ್ಕೆ ಮನೆಯೂ ಕೆಲಸವೂ ಒಬ್ಬರದೇ ಕೈಯಲ್ಲಿ. ಮುಂಗಡ ತೀರದೆ ತೋಟ ಬಿಡುವಂತಿಲ್ಲ, ಕೆಲಸ ಬಿಟ್ಟರೆ ಸೂರಿಲ್ಲ. 2016ರ ಕೊನೆಯಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡಿದ್ದ ಆದಿವಾಸಿಗಳನ್ನು ಒಕ್ಕಲೆಬ್ಬಿಸಿದಾಗ ಇಡೀ ರಾಜ್ಯ ನೋಡಿದ್ದು ಈ ಕಟ್ಟನ್ನೇ. 1951ರ ತೋಟ ಕಾರ್ಮಿಕರ ಕಾಯ್ದೆ ಮನೆ, ವೈದ್ಯಕೀಯ ಸೌಲಭ್ಯಗಳ ಹೊಣೆಯನ್ನು ತೋಟದ ಮೇಲೆ ಹೊರಿಸಿತು. ಆದರೆ ಅದು ಅನ್ವಯಿಸಿದ್ದು 5 ಹೆಕ್ಟೇರ್ ಮತ್ತು 15 ಕಾರ್ಮಿಕರ ಮಿತಿಯನ್ನು ಮುಟ್ಟಿದ ತೋಟಗಳಿಗೆ. ಸಣ್ಣ ಹಿಡುವಳಿಗಳೇ ತುಂಬಿರುವ ನಮ್ಮ ಜಿಲ್ಲೆಯಲ್ಲಿ ಐದಾರು ಎಕರೆಯ ಬೆಳೆಗಾರನಿಗೆ ವರ್ಷವಿಡೀ ಒಬ್ಬ ಆಳನ್ನು ಇಟ್ಟುಕೊಳ್ಳುವ ಶಕ್ತಿಯೂ ಇಲ್ಲ; ಆತ ಮೇಸ್ತ್ರಿ ಕರೆತರುವ ಜೀಪಿಗೆ ಕಾಯುತ್ತಾನೆ.

ಒಬ್ಬೊಬ್ಬ ಸಣ್ಣ ಬೆಳೆಗಾರನಿಂದ ಆಗದ ಕೆಲಸ ಕೂಲಿಗಳ ಸಂಘದಿಂದ ಆದೀತು. ನವೆಂಬರಿನಿಂದ ಅರೇಬಿಕಾ ಕೊಯ್ಲು, ಆಮೇಲೆ ರೊಬಸ್ಟಾ, ಅದರ ಬೆನ್ನಿಗೇ ಕಾಳುಮೆಣಸು, ಹೂಮಳೆಯ ನಂತರ ಗಿಡದ ಕಸಿ (ರೆಂಬೆ ಸವರುವುದು), ಮುಂಗಾರಿಗೆ ಮೊದಲು ಮರಗಸಿ (ನೆರಳಿನ ಮರ ಹತ್ತಿ ಕೊಂಬೆ ಕಡಿಯುವುದು), ಮಳೆಯ ನಡುವೆ ಗೊಬ್ಬರ ಮತ್ತು ಕಳೆ ಎಂದು ನೂರು ತೋಟಗಳ ಕೆಲಸವನ್ನು ಒಂದೇ ಪಟ್ಟಿಯಲ್ಲಿ ಜೋಡಿಸಿದರೆ ಒಬ್ಬಳ ವರ್ಷದ ದುಡಿಮೆ ತುಂಬುತ್ತದೆ. ಜೀಪಿನ ಬಾಡಿಗೆ, ಅಪಘಾತ ವಿಮೆ, ಭವಿಷ್ಯ ನಿಧಿ ಇವನ್ನು ಸಂಘ ನೋಡಿಕೊಳ್ಳಬಹುದು. ಮರಗಸಿಯಂಥ ಅಪಾಯದ ಕೆಲಸಕ್ಕೆ ಹಗ್ಗ, ಬೆಲ್ಟು ಕೊಡುವವರೇ ಇಲ್ಲದಿರುವಾಗ ಇದು ಸಣ್ಣ ಮಾತಲ್ಲ.

ಇದಕ್ಕೆ ಇಟಲಿಯ ಮಾದರಿಯೇ ಬೇಕೆಂದಿಲ್ಲ. ಮಾಕುಟ್ಟ ಘಾಟಿ ಇಳಿದು ಇರಿಟ್ಟಿ, ತಲಶ್ಶೇರಿ ದಾಟಿದರೆ ಕೇರಳದ ವಡಗರ ಸಿಗುತ್ತದೆ. ಅಲ್ಲಿ ಸಮಾಜ ಸುಧಾರಕ ವಾಗ್ಭಟಾನಂದರ ಪ್ರೇರಣೆಯಿಂದ 1925ರಲ್ಲಿ ಕೆಲವೇ ಕೂಲಿಗಳು ಆರಂಭಿಸಿದ ಊರಾಳುಂಗಲ್ ಕಾರ್ಮಿಕ ಗುತ್ತಿಗೆ ಸಹಕಾರ ಸಂಘ ಇಂದು ಸಾವಿರಾರು ಮಂದಿಗೆ ಕೆಲಸ ಕೊಟ್ಟು ರಸ್ತೆ, ಸೇತುವೆಗಳನ್ನು ಕಟ್ಟುತ್ತಿದೆ. ಕಣ್ಣೂರಿನಲ್ಲಿ ಮಾಲೀಕರು ಕಾರ್ಖಾನೆ ಮುಚ್ಚಿದಾಗ ಬೀಡಿ ಕಾರ್ಮಿಕರು 1969ರಲ್ಲಿ ದಿನೇಶ್ ಬೀಡಿ ಸಂಘವನ್ನು ಕಟ್ಟಿದರು. ಕಾಫಿಯ ವಿಷಯಕ್ಕೇ ಬಂದರೆ, ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿ ನೌಕರರನ್ನು ಹೊರಗಟ್ಟಿದಾಗ, ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ 1957ರಿಂದ ಅವರೇ ಸಹಕಾರ ಸಂಘಗಳನ್ನು ಮಾಡಿಕೊಂಡು ಇಂಡಿಯನ್ ಕಾಫಿ ಹೌಸ್ ನಡೆಸಿದರು. ಕಾಫಿಯನ್ನು ಲೋಟಕ್ಕೆ ಸುರಿಯುವವರು ಮಾಡಿದ್ದನ್ನು ಬುಟ್ಟಿಗೆ ಕೊಯ್ಯುವವರು ಏಕೆ ಮಾಡಬಾರದು? ನಮ್ಮ ಜಿಲ್ಲೆಯ ಲ್ಯಾಂಪ್ಸ್ ಎಂಬ ಆದಿವಾಸಿ ವಿವಿಧೋದ್ದೇಶ ಸಹಕಾರ ಸಂಘಗಳಲ್ಲಿ ಆದಿವಾಸಿಗಳು ಈಗಾಗಲೇ ಸದಸ್ಯರು; ಜೇನು, ಸೀಗೆಕಾಯಿಗಳ ಜೊತೆಗೆ ತೋಟಗೆಲಸದ ಗುತ್ತಿಗೆಯನ್ನೂ ಅವು ಹಿಡಿಯಬಹುದೇ ಎಂದು ಯೋಚಿಸಬಹುದು.

ಊರಿನ ಸಹಕಾರ ಸಂಘದ ನಿರ್ದೇಶಕರಾಗಿರುವ ಚಿಕ್ಕಪ್ಪನೊಡನೆ ಈ ವಿಷಯವಾಗಿ ಫೋನಿನಲ್ಲಿ ವಾದಿಸುತ್ತಲೇ ಇರುತ್ತೇನೆ. ಕೂಲಿ ಏರುತ್ತದೆ ಎಂಬುದು ಅವರ ಮೊದಲ ಆಕ್ಷೇಪ. ತಲೆಗಿಷ್ಟೆಂದು ಮೇಸ್ತ್ರಿ ಪಡೆಯುವ ಕಮಿಷನ್ನನ್ನೂ ಜೀಪಿನ ಬಾಡಿಗೆಯನ್ನೂ ನೀವು ಈಗಲೇ ಕೊಡುತ್ತಿದ್ದೀರಲ್ಲ ಎಂದಾಗ ಆ ಮಾತನ್ನು ಅಲ್ಲಿಗೇ ಬಿಟ್ಟರು. ಅವರ ಎರಡನೆಯ ಪ್ರಶ್ನೆಯೇ ಗಟ್ಟಿಯಾದದ್ದು: “ನೋಡಪ್ಪ, ಕೆಲಸದವರಿಗೆ ಸಂತೆಯ ದಿನ ದುಡ್ಡು ಬೇಕು. ಬೆಳೆಗಾರನ ಕೈಗೆ ದುಡ್ಡು ಬರುವುದು ಕಾಫಿ ಮಾರಿದ ಮೇಲೆ. ಆ ಎರಡು ತಿಂಗಳು ನಿನ್ನ ಸಂಘ ಸಂಬಳ ಎಲ್ಲಿಂದ ಕೊಡುತ್ತದೆ? ಬ್ಯಾಂಕಿಗೆ ಅಡವಿಡಲು ಅವರ ಬಳಿ ಏನಿದೆ?”

ಇಟಲಿಯಲ್ಲಾದರೆ ಶೇ. 3ರ ನಿಧಿಯಿಂದ ನೆರವು ಕೇಳಬಹುದಿತ್ತು, ನಮ್ಮಲ್ಲಿ ಅದಿಲ್ಲ. ನನಗೆ ತೋಚಿದ ದಾರಿ ಇಷ್ಟು. ಬೆಳೆಗಾರ ಪಡೆಯುವ ಬೆಳೆಸಾಲದ ಲೆಕ್ಕದಲ್ಲಿ ಕೂಲಿಯ ವೆಚ್ಚವೂ ಸೇರಿರುತ್ತದೆ. ಆತ ಒಪ್ಪಿದರೆ ಆ ಭಾಗವನ್ನು ವ್ಯವಸಾಯ ಸೇವಾ ಸಹಕಾರ ಸಂಘ ನೇರವಾಗಿ ಕೂಲಿಗಳ ಸಂಘದ ಖಾತೆಗೆ ಹಾಕಲಿ, ವಾರವಾರ ಕೆಲಸದ ಹಾಜರಿ ನೋಡಿ ಬಿಡುಗಡೆ ಮಾಡಲಿ. ಇದಕ್ಕೆ ಹೊಸ ಹಣ ಬೇಕಿಲ್ಲ, ಈಗ ಇರುವ ಹಣ ಹೋಗುವ ದಾರಿ ಬದಲಾದರೆ ಸಾಕು. ಚಿಕ್ಕಪ್ಪ ಇದನ್ನು ಅಲ್ಲಗಳೆಯಲಿಲ್ಲ. ಬೈಲಾದಲ್ಲಿ ಅವಕಾಶವಿದೆಯೇ ಎಂದು ಕಾರ್ಯದರ್ಶಿಯವರನ್ನು ಕೇಳಿ ಹೇಳುತ್ತೇನೆ, ಆದರೆ ಹಾಜರಿ ಬರೆಯುವವರು ತೋಟದ ಗುಮಾಸ್ತನಾದ ರೈಟರೋ ಸಂಘದವರೋ ಎಂಬುದನ್ನು ನೀನು ಮೊದಲು ತೀರ್ಮಾನಿಸು ಎಂದರು.